ದಿನಾ ಅರ್ಧ ತಾಸು ನಿಲ್ಲಿಸುವುದು

ನನ್ನ ಕಾಲು ಎರಡೂ ಸತ್ತ ಮ್ಯಾಲ ಊರ ಮಂದಿ ಕಿವಿನೂ ಸತ್ತಾವು ಅಂತ ತಿಳಕೊಂಡ್ರು. ನನ್ನ ಮುಂದ ಕುಂತು ನನ್ನ ಬಗ್ಗೆನ ಮಾತಾಡ್ತಾರ, ನನ್ನ ಮಾತ ಯಾರೂ ಕೇಳೂದಿಲ್ಲ. ಹಿಂಗಾಗಿ ನನ್ನ ಹಾಸಿಗಿ ಸುತ್ತ ಇಂಥಾ ಫಜೀತಿ ಆಗ್ತಾನ ಇರ್ತಾವ. ನಗಾವ್ರು ನಗ್ರಿ. ನನಗಂತೂ ಇವತ್ತಿಗೂ ಮೈ ಉರೀತೈತಿ.

ಮನಿಮನಿಗೆ ಟಿ.ವಿ. ಬರಾಕತ್ತಿದ್ದ ದಿನ. ನಾ ರಾಯಬಾಗ ಕಡೆ ಲೈನ್‌ಮನ್ ಇದ್ದೆ. ಕಂಬದ ಮ್ಯಾಲಿಂದ ಬಿದ್ದು ಬೆನ್ನುಹುರಿ ಹೋತು, ಸೊಂಟದ ಕೆಳಗ ಏನೂ ಗೊತ್ತಾಗಲಾರದಂಗ ಆತು. ಗಡಿ ಆಚಿ ಮಿರಜದ ಡಾಕ್ಟರ್ ಕಡ್ಡಿ ಮುರದಂಗ ಹೇಳಿದ್ರು: ಕಾಲಿನ ಮ್ಯಾಲ ಭಾರ ಬೀಳದಿದ್ರ ಎಲುಬು ಪೊಳ್ಳಾಗ್ತಾವ, ಮುರದ್ರ ನಿನಗ ಗೊತ್ತೂ ಆಗೂದಿಲ್ಲ. ಜ್ವಾಕಿ ಮಾಡಿದ್ರ ಗಾಲಿಖುರ್ಚ್ಯಾಗ ಕುಂತು ದುಡೀಬಹುದು. ನನಗ ಅಷ್ಟ ಸಾಕಾಗಿತ್ತು. ಮೋಟರ್ ರಿವೈಂಡಿಂಗ್ ಕೆಲಸ ನನಗ ಬರ್ತಿತ್ತು, ಕುಂತು ತಂತಿ ಸುತ್ತೂ ಕೆಲಸ ಅದು.

ಚೀಟಿ

ಮನಿಗೆ ಕಳಸೂ ದಿನ ಡಾಕ್ಟರ್ ಮರಾಠಿಯಾಗ ಚೀಟಿ ಬರಿಯಾಕ ಹತ್ತಿದ್ರು. ನಮ್ಮಣ್ಣಗ ಮರಾಠಿ ನೀರ ಕುಡದಂಗ ಬರ್ತೈತಿ. ಆದ್ರ ಗಡಿ ಗದ್ದಲದ ಕಾಲ, ಅವಂಗ ಅಲ್ಲೇ ಅಭಿಮಾನ ಉಕ್ಕಿ ಬಂತು. "ನಮ್ಮದು ಕರ್ನಾಟಕರಿ, ಕನ್ನಡದಾಗ ಬರಸ್ರಿ" ಅಂದ. ಕನ್ನಡ ಬರೂ ಕಾಗವಾಡ ಕಡೆ ಸಿಸ್ಟರ್ ಒಬ್ಬಾಕಿ ಅವಸರದಾಗ ಬರದು ಕೊಟ್ಲು: "ಕಾಲಿನ ವ್ಯಾಯಾಮ ದಿನಾ ಅರ್ಧ ತಾಸು ನಿಲ್ಲಿಸುವುದು."

ದವಾಖಾನ್ಯಾಗ ನನ್ನ ಒಂದು ಹಲಗಿ ಮ್ಯಾಲ ಮಲಗಿಸಿ, ಪಟ್ಟಾ ಕಟ್ಟಿ, ಹಲಗಿ ಸಮೇತ ಎಬ್ಬಿಸಿ ನಿಲ್ಲಸ್ತಿದ್ರು. ಅಂಥಾದ್ದ ಹಲಗಿ ಬಡಿಗ್ಯಾನ ಕಡಿಂದ ಮಾಡಿಸಿದ್ದೆ. ಮನಿಗೆ ಬಂದು ಅಣ್ಣ ಚೀಟಿ ಓದಿದ. "ವ್ಯಾಯಾಮ ನಿಲ್ಲಿಸುವುದು ಅಂತ ಬರದಾರ. ಅರ್ಧ ತಾಸು ಯಾಕ, ಪೂರ್ತಿನ ನಿಲ್ಲಸೂಣು!"

"ಅಣ್ಣಾ, ವ್ಯಾಯಾಮ ಅಲ್ಲೋ, ನನ್ನ ನಿಲ್ಲಿಸುದು!" ಅಂತ ಒದರಿದೆ.

"ನಿನಗ ನಿಲ್ಲಾಕ ಬರ್ತೈತೇನು? ಸುಮ್ಮ ಮಲಕೊ" ಅಂದ. ನನ್ನ ಹಲಗಿ ಮ್ಯಾಲ ಅವ್ವ ಶಾಂಡಿಗಿ ಒಣಾಕ ಹಾಕಿದ್ಲು.

ಸಕ್ಕರಿ

ಎಲುಬಿಗೆ ಬಲ ಬರ್ಲಿ ಅಂತ ನೋಡಾಕ ಬಂದಾವ್ರೆಲ್ಲಾ ತುಪ್ಪ, ಲಾಡು, ಪೇಡೆ ತಂದ್ರು. ಬ್ಯಾಡ ಅಂದ್ರ ಬಾಯಾಗ ತುರುಕಿದ್ರು. ವರ್ಷದಾಗ ಹೊಟ್ಟಿ ಡೊಳ್ಳಾತು. ಚಿಕ್ಕೋಡಿಯಾಗ ರಕ್ತ ತೋರಿಸಿದ್ರ ಸಕ್ಕರಿ ಕಾಯಿಲೆ.

ಬೇಡಕಿಹಾಳದ ಕಾಕಾ ಮತ್ತ ಪೇಡೆ ಹಿಡಕೊಂಡು ಬಂದ. ಸಿಟ್ಟಿನಿಂದ ಅಂದೆ, "ಕಾಕಾ, ನನಗ ಸಕ್ಕರಿ ಬಂದೈತಿ!"

ಕಾಕಾ ಎದ್ದ ನಿಂತ. "ಹೌದ? ನಮ್ಮ ರೇಶನ್ ಅಂಗಡಿಗೆ ಇನ್ನೂ ಬಂದಿಲ್ಲಲೇ!"

ಉಸ್ತಾದ

ಇದರ ಮ್ಯಾಲ ಅಣ್ಣ ತಾಲೀಮಿನ ಉಸ್ತಾದನ್ನ ಕರಕೊಂಡ ಬಂದ. ಪೈಲವಾನರ ಕೈಕಾಲು ತಿಕ್ಕಾಂವ, ನರ ಬಿಡಸ್ತಾನಂತ. "ಮುಟ್ಟಬ್ಯಾಡ್ರಿ, ಎಲುಬು ಪೊಳ್ಳಾಗ್ಯಾವು" ಅಂತ ಬಡಕೊಂಡೆ. ಯಾರ ಕೇಳ್ತಾರ? ಬಲಗಾಲು ಎದಿಮಟ ಮಡಚಿ ಒತ್ತಿದ. ಕಟ್ ಅಂತು.

"ಕೇಳಿದ್ರಿಲ್ಲೋ? ನರ ಬಿಡ್ತು!" ಅಂದ ಉಸ್ತಾದ. ಮಂದಿ ಚಪ್ಪಾಳಿ ಹೊಡದ್ರು. ಅಣ್ಣ ಅವಂಗ ಟಾವೆಲ್ ಹೊದಿಸಿ, ತೆಂಗಿನಕಾಯಿ ಕೊಟ್ಟ. ನನಗೂ ಏನೂ ನೋವಾಗಲಿಲ್ಲ. ಎರಡನೇ ದಿನ ತೊಡಿ ಬಾತು ಕುಂಬಳಕಾಯಿ ಆದಾಗ ತಿಳೀತು, ಬಿಟ್ಟಿದ್ದು ನರ ಅಲ್ಲ.

ಮತ್ತ ಮಿರಜ

ಅದ ಸಿಸ್ಟರ್ ಕೇಳಿದ್ಲು, "ದಿನಾ ಅರ್ಧ ತಾಸು ನಿಲ್ಲಿಸಿದ್ರಿಲ್ಲೋ?"

ಅಣ್ಣ ಎದಿ ಉಬ್ಬಿಸಿ ಅಂದ, "ಅರ್ಧ ತಾಸಲ್ರಿ ಸಿಸ್ಟರ್, ಪೂರ್ತಿ ನಿಲ್ಲಿಸೀವಿ!"

ಆಕಿ ಹಣಿ ಬಡಕೊಂಡ್ಲು. ಡಾಕ್ಟರ್‌ಗೆ ಮರಾಠಿಯಾಗ ತಿಳಿಸಿದ್ಲು. ಡಾಕ್ಟರ್ ಅಣ್ಣನ್ನ ನೋಡಿ, "ಉಭಾ ಕರಾ ಅಂತ ಬರೀತಿದ್ದೆನಲ್ಲೋ ಮಾರಾಯಾ!" ಅಂದ್ರು. ಉಭಾ ಕರಾ ಅಂದ್ರ ಎಬ್ಬಿಸಿ ನಿಲ್ಲಿಸ್ರಿ ಅಂತ, ನಮ್ಮ ಕಡೆ ಕೂಸಿಗೂ ಗೊತ್ತೈತಿ. ಅಣ್ಣನ ಮಾರಿ ಕಪ್ಪಿಟ್ಟಿತು. ಐದು ತಿಂಗಳು ಮತ್ತ ಹಾಸಿಗಿ. ರಿವೈಂಡಿಂಗಿಗೆ ತಂದಿಟ್ಟಿದ್ದ ಮೋಟರ್‌ಗಳನ್ನ ಮಂದಿ ಒಂದೊಂದ ವಾಪಸ್ ಒಯ್ದ್ರು. ಗ್ವಾಡಿ ಕಡೆ ಮಾರಿ ಮಾಡಿ ಅತ್ತೆ. ಎಲ್ಲಾರನೂ ಬೈದೆ, ಇನ್ನೂ ಬೈತೀನಿ.

ಎಲುಬು ಅಂತೂ ಕೂಡ್ತು. ಡಾಕ್ಟರ್ ಹೂಂ ಅಂದ ಮ್ಯಾಲ ಶಾಂಡಿಗಿ ಹಲಗಿ ತೊಳದು, ಪಟ್ಟಾ ಬಿಗದು, ಸ್ವತಃ ಅಣ್ಣ ನನ್ನ ಎಬ್ಬಿಸಿ ನಿಲ್ಲಿಸಿದ. ಗಡಿಯಾರ ಹಿಡಕೊಂಡು ಎದುರಿಗೆ ಕುಂತ. ಎಷ್ಟೋ ತಿಂಗಳ ಮ್ಯಾಲ ಮಾಳಿಗಿ ಜಂತಿ ಅಲ್ಲ, ಮಂದಿ ಮಾರಿ ನೋಡಿದೆ.

ಮೊದಲ ಕಂಡ ಮಾರಿ ಉಸ್ತಾದಂದು. ಓಣಿ ಮಂದಿನೆಲ್ಲಾ ಕರಕೊಂಡು ಬಂದಿದ್ದ. "ನೋಡ್ರಿ, ನನ್ನ ಕೈಗುಣ! ಎದ್ದ ನಿಂತಾನ! ಇನ್ನ ಎಡಗಾಲ ನರ ಒಂದು ಬಿಡಿಸಿದ್ರ ಓಡ್ತಾನ!" ಅನಕೋತ ತೋಳು ಏರಿಸಿ ನನ್ನ ಎಡಗಾಲಿಗೆ ಕೈ ಹಾಕಾಕ ಬಂದ. ನಾ ಹಲಗಿಗೆ ಕಟ್ಟಿಸಿಕೊಂಡಾಂವ, ಎಲ್ಲಿ ಓಡ್ಲಿ? ಜೀವ ಹೋಗೂ ಹಂಗ ಒದರಿದೆ:

"ಅಣ್ಣಾ, ಅವನ್ನ ನಿಲ್ಲಸೋ!"

ಪೆಟ್ಟು ತಿಂದು ಶಾಣ್ಯಾ ಆಗಿದ್ದ ನಮ್ಮಣ್ಣ. ಗಡಿಯಾರ ಕೆಳಗಿಟ್ಟು, ಎದ್ದು, ಕೈಕಟ್ಟಿ ಕೇಳಿದ:

"ಯಾವ ನಿಲ್ಲಿಸುದು?"