‘ರಿ’ ಹಚ್ಚಿ ಮಾತಾಡುವ ಪೊಲೀಸರು

ಪೊಲೀಸರು ಮೆತ್ತಗೆ ಮಾತಾಡಿದಷ್ಟೂ ಕರ್ನಾಟಕದ ಗಡಿಗೆ ಹತ್ತಿದ ನಮ್ಮ ಕಡೆ ಜನಕ್ಕೆ ಸಂಶಯ ಜಾಸ್ತಿ. ಮದುವೆ ವಿಡಿಯೊ ತೆಗೆದು ಹೊಟ್ಟೆ ಹೊರೆಯುವ ನಾನು ತೆಲಂಗಾಣ ಹೋರಾಟದ ವರ್ಷಗಳಲ್ಲಿ ಇದನ್ನು ಊರೂರಲ್ಲೂ ಕಂಡಿದ್ದೇನೆ.

ಜಹೀರಾಬಾದ್: ಚಹಾ

ಒಂದು ಮುಂಜಾನೆ ಕಾನ್‌ಸ್ಟೇಬಲ್ ಒಬ್ಬ ಮನೆಗೆ ಬಂದು, “ಅಣ್ಣಾರ, ಸಾಹೇಬ್ರು ಕರದಾರ. ಪುರಸತ್ತಿದ್ರ ಬರ್ರಿ” ಅಂದ. ಅಪ್ಪನ ಕಾಲದಲ್ಲಿ ಕರೆಯುವುದೆಂದರೆ ಲಾಠಿಯಿಂದ ಬೆನ್ನಿಗೆ ತಿವಿದು “ನಡಿ” ಅನ್ನುವುದು. ಅಪ್ಪ ನನ್ನನ್ನು ಒಳಗೆ ಎಳೆದುಕೊಂಡು ಹೋಗಿ, “ಬೈದು ಕರದ್ರ ಎರಡೇಟು ಹಾಕಿ ಬಿಡ್ತಾರ. ‘ರಿ’ ಹಚ್ಚಿ ಕರದ್ರ ದೊಡ್ಡ ಕೇಸೇ ಇರ್ತದ” ಅಂದ. ಅವ್ವ ರೊಟ್ಟಿ ಕಟ್ಟಿಕೊಟ್ಟಳು.

ಠಾಣೆಯಲ್ಲಿ ಸಾಹೇಬರು ಕುರ್ಚಿ ಹಾಕಿಸಿ ಚಹಾ ತರಿಸಿದರು. ನಾನು ಮುಟ್ಟಲಿಲ್ಲ. “ಈಗ ಮೊದಲಿನಂಗ ಇಲ್ಲ. ಲಾಠಿ ಎತ್ತಿದ್ರ ಮ್ಯಾಲಿನವರು ವಿಡಿಯೊ ಕೇಳ್ತಾರ. ಧರಣಿ ಇದ್ದಲ್ಲೆಲ್ಲ ನೀವು ಕ್ಯಾಮೆರಾ ತಗೊಂಡು ಬರಬೇಕು” ಅಂದರು. ಅಷ್ಟೇ ವಿಷಯ.

ಮನೆಗೆ ಬಂದ ಕೂಡಲೇ ಅಪ್ಪ ನನ್ನ ಅಂಗಿ ಎತ್ತಿ ಬೆನ್ನು ನೋಡಿದ. ಒಂದು ಬರೆಯೂ ಇಲ್ಲ. ಅವ್ವನ ಕಡೆ ತಿರುಗಿ, “ನೋಡು, ಗುರ್ತು ಬೀಳದಂಗ ಹೊಡ್ಯಾದೂ ಕಲ್ತಾರ” ಅಂದ.

ತಾಂಡೂರು: ಹೆಲ್ಮೆಟ್

ತಾಂಡೂರಿನ ಧರಣಿಗೆ ಬಂದ ಪೊಲೀಸರಿಗೆಲ್ಲ ಹೊಸ ಹೆಲ್ಮೆಟ್. ಮೊದಲಾದರೆ ಹೊಡೆಯುವವನ ಮೀಸೆಯಾದರೂ ಕಾಣುತ್ತಿತ್ತು. ಮುಖ ಮುಚ್ಚಿಕೊಂಡು ಬಂದಿದ್ದಾರೆಂದರೆ ಏನೋ ಇದೆ ಅಂತ ಜನಕ್ಕೆ ಗುಮಾನಿ.

ರಸ್ತೆ ಮೇಲೆ ಹೆಂಗಸರು ಕೂತಿದ್ದರು. ಒಬ್ಬ ಕಾನ್‌ಸ್ಟೇಬಲ್ ಲಾಠಿ ಎತ್ತಿ “ಏಳ್ರಿ, ಏಳ್ರಿ” ಅನ್ನುತ್ತ ಬಂದ. ಧ್ವನಿ ಕೇಳಿದ ಒಬ್ಬಾಕೆ ಎದ್ದು ನಿಂತು ಹೆಲ್ಮೆಟ್ಟಿನೊಳಗೆ ಇಣುಕಿ, “ಅಳಿಯಂದ್ರ, ಹಬ್ಬಕ್ಕ ಕರದ್ರ ರಜಾ ಇಲ್ಲ ಅಂದ್ರಿ. ಈಗ ಹ್ಯಾಂಗ ಬಂದ್ರಿ?” ಅಂದಳು. ಎತ್ತಿದ ಲಾಠಿ ಮೆಲ್ಲಗೆ ಬೆನ್ನ ಹಿಂದೆ ಹೋಯಿತು.

ಎಲ್ಲ ಮುಗಿದ ಮೇಲೆ ಆ ಅಳಿಯ ನನ್ನನ್ನು ಮರೆಗೆ ಕರೆದು ಕೈಮುಗಿದ. “ಈ ವಿಡಿಯೊ ಸಾಹೇಬ್ರಿಗೆ ಬೇಕಾದ್ರ ತೋರಸ್ರಿ. ನನ್ನ ಹೆಣ್ತಿ ಕೈಗೆ ಮಾತ್ರ ಸಿಗಬಾರ್ದು.”

ನಾರಾಯಣಖೇಡ್: ಎಚ್ಚರಿಕೆ

ಮೊದಲೆಲ್ಲ ಸೀಟಿ ಮತ್ತು ಏಟು ಒಟ್ಟಿಗೇ ಬರುತ್ತಿದ್ದವು. ಈಗ ಮೈಕಿನಲ್ಲಿ ಎಚ್ಚರಿಕೆ ಕೊಟ್ಟು, ಅದು ವಿಡಿಯೊದಲ್ಲಿ ಬಂದ ಮೇಲೇ ಲಾಠಿ. ನಾರಾಯಣಖೇಡದಲ್ಲಿ ರಸ್ತೆ ತಡೆದಾಗ ಇನ್ಸ್‌ಪೆಕ್ಟರ್ ಗಟ್ಟಿಯಾಗಿ ಎಚ್ಚರಿಕೆ ಕೊಟ್ಟರು. ಜನ ಓಡಿ ಅಂಗಡಿಗಳ ಕಟ್ಟೆ ಹತ್ತಿದರು. ಆಗ ನೋಡಿದೆ, ಕ್ಯಾಮೆರಾದಲ್ಲಿ ಏನೂ ದಾಖಲಾಗಿರಲಿಲ್ಲ.

“ಸಾಹೇಬ್ರ, ಇನ್ನೊಂದ್ ಸಲ ಹೇಳಬೇಕಾಗ್ತದ್ರಿ” ಅಂದೆ.

ಎಚ್ಚರಿಕೆ ಕೊಡದೆ ಹೊಡೆಯಲು ಬಂದರು ಅಂತ ನಾಳೆ ಈ ಜನರೇ ಹೇಳಿಯಾರು ಎಂಬ ಅನುಮಾನ ಇನ್ಸ್‌ಪೆಕ್ಟರಿಗೆ. ಮೈಕಿನಲ್ಲಿ ಜನರನ್ನು ಕರೆದರು: “ಎಲ್ಲಾರೂ ಮತ್ತ ರಸ್ತೆಗೆ ಬರ್ರಿ. ಹೋಗ್ರಿ ಅಂತ ಹೇಳೋದದ.”

ಕಟ್ಟೆ ಮೇಲಿದ್ದ ತರಕಾರಿ ಮಾರುವ ಹೆಂಗಸು ನಂಬಲಿಲ್ಲ. “ಮೊದ್ಲ ಲಾಠಿ ಕೆಳಗಿಡ್ರಿ” ಅಂದಳು.

ಬೇರೆ ದಾರಿ ಇರಲಿಲ್ಲ. ಲಾಠಿಗಳನ್ನೆಲ್ಲ ರಸ್ತೆ ಬದಿ ರಾಶಿ ಹಾಕಿಸಿದರು. ಜನ ಬಂದರು. ಎಚ್ಚರಿಕೆ ಚೆನ್ನಾಗಿ ದಾಖಲಾಯಿತು. ಪೊಲೀಸರು ತಿರುಗಿ ನೋಡಿದರೆ ಆ ಹೆಂಗಸು ತನ್ನ ಗೆಳತಿಯರ ಜೊತೆ ಲಾಠಿ ರಾಶಿಯ ಮೇಲೆ ಕೂತಿದ್ದಳು.

“ಅಮ್ಮಾ, ಏಳ್ರಿ. ಅವು ಸರ್ಕಾರದ್ವು” ಎಂದು ಇನ್ಸ್‌ಪೆಕ್ಟರ್ ಬೇಡಿಕೊಂಡರು.

ಆಕೆ ಸೆರಗು ಸರಿಮಾಡಿಕೊಂಡು, ನನ್ನ ಕಡೆ ಕೈ ತೋರಿಸಿ ಹೇಳಿದಳು: “ಹಂಗ ಬಾಯಿಲೆ ಹೇಳಿದ್ರ ನಡ್ಯಾಂಗಿಲ್ರಿ. ಮೈಕಿನ್ಯಾಗ ಹೇಳ್ರಿ, ಈ ತಮ್ಮ ವಿಡಿಯೊ ತಗೀಲಿ. ಆಮ್ಯಾಲ ಏಳೋದಾ ಬ್ಯಾಡಾ ನೋಡ್ತೀವಿ.”