ಮಾವನ ಒಂದು ಪೂರ್ತಿ ಸುತ್ತು

ಆ ಸೋಫಾ ಮಾಡಿದವನು ಮೂರು ಜನ ಕೂತು ಹರಟೆ ಹೊಡೆಯಲಿ ಎಂದು ಮಾಡಿದ್ದನೇ ಹೊರತು, ಒಬ್ಬ ಉದ್ದನೆಯ ಅಳಿಯ ಅದರ ಮೇಲೆ ಮಲಗಲಿ ಎಂದಲ್ಲ. ತಲೆ ಒಳಗಿಟ್ಟರೆ ಕಾಲು ಹೊರಗೆ, ಕಾಲು ಒಳಗೆಳೆದರೆ ತಲೆ ಟೀಪಾಯಿಗೆ. ಮನೆಯಲ್ಲಿ ಇದ್ದದ್ದು ಎರಡೇ ಕೋಣೆ. ದೊಡ್ಡ ಕೋಣೆಯನ್ನೂ ಅದರ ದೊಡ್ಡ ಮಂಚವನ್ನೂ ಮಾವ ಆಕ್ರಮಿಸಿದ್ದರು. ಸಣ್ಣ ಕೋಣೆಯ ಒಂಟಿ ಮಂಚವನ್ನು ಹೆಂಡತಿ ವಶಪಡಿಸಿಕೊಂಡಿದ್ದಳು. "ನಾನು ಔಷಧಿ ಅಂಗಡೀಲಿ ಕೆಲಸ ಮಾಡೋಳು ಕಣ್ರೀ. ನಿದ್ದೆಗಣ್ಣಲ್ಲಿ ಯಾರಿಗೋ ಯಾವುದೋ ಮಾತ್ರೆ ಕೊಟ್ರೆ ನನ್ನ ಬದಲು ನೀವು ಜೈಲಿಗೆ ಹೋಗ್ತೀರಾ?" ಎಂದು ಕೇಳಿದ ಮೇಲೆ ಅಳಿಯ ದಿಂಬು ಎತ್ತಿಕೊಂಡು ಸೋಫಾಕ್ಕೆ ಬಂದ. (ಅವನೂ ಬೆಳಗಾದರೆ ಕೆಲಸಕ್ಕೆ ಹೋಗುವವನೇ. ಮನೆ, ಕಚೇರಿಗಳ ಕಿಟಕಿಗೆ ಪಟ್ಟಿಪಟ್ಟಿಯ ಬ್ಲೈಂಡ್ ಹಾಕುವುದು ಅವನ ಉದ್ಯೋಗ, ಆ ದಾರ ಎಳೆದರೆ ಏರುತ್ತದಲ್ಲ, ಅದು. ಆದರೆ ಕಿಟಕಿಪರದೆ ಸೊಟ್ಟಗಾದರೆ ಯಾರೂ ಸಾಯುವುದಿಲ್ಲವಂತೆ.)

ಮಾವ ಬಂದದ್ದು "ನಾಲ್ಕು ದಿನ ಇದ್ದು ಹೋಗ್ತೀನಿ" ಎಂದು. ಜೀವಮಾನವಿಡೀ ಬಸ್ಸು ಓಡಿಸಿ ನಿವೃತ್ತರಾದ ಆ ಮಹಾನುಭಾವರಿಗೆ ಹೇಳಿದ ಹೊತ್ತಿಗೆ ಹೊರಡುವುದು ರಕ್ತದಲ್ಲೇ ಇತ್ತು. ಚೀಲವನ್ನೂ ಕಟ್ಟಿಟ್ಟಿದ್ದರು. ಹೊರಡುವ ಹಿಂದಿನ ಸಂಜೆ ಪಾರ್ಕಿನ ಕಡೆ ಕಾಲಾಡಿಸಲು ಹೋಗದಿದ್ದರೆ ಹೊರಟೂ ಬಿಡುತ್ತಿದ್ದರು.

ಪಾರ್ಕಿನಲ್ಲಿ ಕೆಲವು ತರುಣರು ಗಿಡ್ಡ ಸೈಕಲ್ಲುಗಳ ಮೇಲೆ ಕಸರತ್ತು ಮಾಡುತ್ತಿದ್ದರಂತೆ. ಒಬ್ಬ ಮುಂದಿನ ಚಕ್ರ ಎತ್ತಿ, ಹ್ಯಾಂಡಲ್ಲನ್ನು ಬೀಸಿ ಬಿಟ್ಟನಂತೆ. ಮಾವ ಮನೆಗೆ ಬಂದಾಗ ಅವರ ಕಣ್ಣು ಹೊಳೆಯುತ್ತಿತ್ತು, ಚಪ್ಪಲಿ ಬಿಡುವುದನ್ನೂ ಮರೆತಿದ್ದರು.

"ಅಳಿಯಂದ್ರೇ, ನಾನು ಜನ್ಮಪೂರ್ತಿ ಸ್ಟೀರಿಂಗ್ ಹಿಡ್ಕೊಂಡೇ ಕೂತಿದ್ದೆ. ಸೊಳ್ಳೆ ಕಚ್ಚಿದ್ರೂ ಬಿಡ್ಲಿಲ್ಲ, ಸೀನು ಬಂದ್ರೂ ಬಿಡ್ಲಿಲ್ಲ. ಅವನು ಬಿಟ್ಬಿಟ್ಟ ಕಣ್ರೀ! ಅದು ಗಿರ್ರಂತ ಒಂದು ಪೂರ್ತಿ ಸುತ್ತು ಹಾಕಿ ಮತ್ತೆ ಅವನ ಕೈಗೇ ಬಂತು!"

ಮರುದಿನ ಬೆಳಗ್ಗೆ ಅಂಥದೇ ಒಂದು ಹಳೇ ಸೈಕಲ್ ಬಾಲ್ಕನಿಗೆ ಬಂದು ನಿಂತಿತು. ಅದಕ್ಕೆ ಬ್ರೇಕೇ ಇರಲಿಲ್ಲ. ಹ್ಯಾಂಡಲ್ ಸುತ್ತಿದರೆ ಬ್ರೇಕಿನ ವೈರು ಸೈಕಲ್ಲಿನ ಕೊರಳಿಗೆ ಸುತ್ತಿಕೊಳ್ಳುತ್ತದೆಂದು ಅದರ ಮೊದಲಿನ ಒಡೆಯ ಕಿತ್ತೆಸೆದಿದ್ದ. ಮಾವ ಸೈಕಲ್ಲಿನ ಟೈರಿಗೊಂದು ಒದೆ ಕೊಟ್ಟು ಪರೀಕ್ಷಿಸಿ ಘೋಷಿಸಿದರು: "ಬ್ರೇಕಿಲ್ಲದ ಗಾಡಿ ನಾನು ಹತ್ತಲ್ಲ. ಬ್ರೇಕೂ ಇರ್ಬೇಕು, ಹ್ಯಾಂಡಲ್ಲೂ ಸುತ್ತಬೇಕು. ಒಂದು ಪೂರ್ತಿ ಸುತ್ತು ಹಾಕೋವರೆಗೂ ನಾನು ಈ ಮನೆ ಬಿಟ್ಟು ಕದಲಲ್ಲ. ಹಾಕಿದ ದಿನವೇ ಸಂಜೆ ಬಸ್ಸಿಗೆ ಹೊರಡ್ತೀನಿ."

ಅಳಿಯ ಗುಟ್ಟಾಗಿ ಅತ್ತೆಗೆ ಫೋನ್ ಮಾಡಿದ.

"ಅಲ್ಲೇ ಇರ್ಲಿ ಬಿಡಿ, ಅವಸರವೇನಿಲ್ಲ" ಎಂದರು ಅತ್ತೆ. ಆ ದನಿಯಲ್ಲಿ ಇದ್ದಷ್ಟು ನೆಮ್ಮದಿಯನ್ನು ಅವನು ಹಿಂದೆಂದೂ ಕೇಳಿರಲಿಲ್ಲ.

ಸೋಫಾದ ಮೇಲೆ ಮಡಚಿಕೊಂಡು ಯೋಚಿಸುತ್ತಿದ್ದಾಗ ಅಳಿಯನಿಗೆ ಜ್ಞಾನೋದಯವಾಯಿತು. ಮಾವನಿಗೆ ಬೇಕಾದದ್ದು ಒಂದು ಸುತ್ತು, ತನಗೆ ಬೇಕಾದದ್ದು ತನ್ನ ಮಂಚ, ಎರಡರ ನಡುವೆ ಇರುವುದು ಒಂದು ವೈರು. ವೈರೆಂದರೇನು? ದಪ್ಪನೆಯ ದಾರ. ದಾರದ ವಿಷಯದಲ್ಲಿ ಇಡೀ ಊರಿನಲ್ಲಿ ತನ್ನನ್ನು ಮೀರಿಸುವವರುಂಟೆ?

"ನಾನೇ ಹಾಕ್ತೀನಿ ಮಾವ!" ಎಂದು ಎದ್ದು ಕೂತ.

"ಬೇಡಾ ರೀ" ಎಂದಳು ಹೆಂಡತಿ. "ಬಚ್ಚಲುಮನೆ ನಲ್ಲಿ ರಿಪೇರಿ ಮಾಡ್ತೀನಿ ಅಂತ ಹೋಗಿ ಕೆಳಗಿನ ಮನೆಯೋರಿಗೆ ಸ್ನಾನ ಮಾಡಿಸಿದ್ದು ಮರೆತುಹೋಯ್ತಾ?"

"ಅದು ನೀರು. ಇದು ದಾರ!"

ಮೊದಲ ಪ್ರಯೋಗ ಸರಳವಾಗಿತ್ತು. ವೈರು ಸಾಲದಿದ್ದರೆ ತಾನೇ ತೊಂದರೆ? ಧಾರಾಳವಾಗಿ ಬಿಟ್ಟರಾಯಿತು. ಕಟ್ಟಡದ ಕೆಳಗಿನ ಕಾರು ನಿಲ್ಲಿಸುವ ಜಾಗದಲ್ಲಿ ಮಾವ ಸೈಕಲ್ ಏರಿ, ಹಿಂದೆ ನೋಡಿ, ಮುಂದೆ ನೋಡಿ, ಕೈ ಹೊರಚಾಚಿ ಸಿಗ್ನಲ್ ಕೊಟ್ಟು, ಹಾಗೇ ಕೂತರು.

"ಹೊರಡಿ ಅಪ್ಪ" ಎಂದಳು ಮಗಳು.

"ರೈಟ್ ಅನ್ನದೆ ಹೇಗೆ ಹೊರಡ್ಲಿ?"

ಅವಳು "ರೈಟ್" ಎಂದಳು. ಮಾವ ಹೊರಟರು. ಹ್ಯಾಂಡಲ್ ಬೀಸುವ ಮೊದಲೇ ಆ ಧಾರಾಳದ ವೈರು ಅವರ ಮೊಣಕಾಲಿಗೆ ತೊಡರಿತು. ನಿಂತಲ್ಲೇ ಚಕ್ರ ಎತ್ತಿ ಬಲಕ್ಕೆ ಸುತ್ತಿಸಿದರೆ ಒಂದು ಸುತ್ತಿಗೇ ವೈರು ಸೈಕಲ್ಲಿನ ಕೊರಳಿಗೆ ಮಫ್ಲರಿನಂತೆ ಬಿಗಿದುಕೊಂಡಿತು. ಮುಂದಿನ ಸುತ್ತನ್ನು ಎಡಕ್ಕೆ ಹಾಕಿ ಬಿಡಿಸಿಕೊಳ್ಳಬೇಕು ಎಂದು ಅಳಿಯ ವಿವರಿಸಿದ.

"ಸುತ್ತಿದ್ದನ್ನ ಬಿಚ್ಚಿ, ಬಿಚ್ಚಿದ್ದನ್ನ ಸುತ್ತಿ... ಇದೇನು ಸೈಕಲ್ಲೋ, ನೂಲಿನ ಉಂಡೆಯೋ?" ಎಂದು ಮಾವ ಇಳಿದು ಲಿಫ್ಟಿನತ್ತ ನಡೆದರು.

ಬೇರೆ ಯಾರಾದರೂ ಇಲ್ಲಿಗೇ ಕೈಬಿಡುತ್ತಿದ್ದರು. ಆದರೆ ಅಳಿಯನಿಗೆ ಹುರುಪು ಏರತೊಡಗಿತ್ತು. ಫೋನಿನಲ್ಲಿ ವಿಡಿಯೋ ಮೇಲೆ ವಿಡಿಯೋ ನೋಡಿ, ಇದಕ್ಕೆಂದೇ ಒಂದು ಬಳೆ ಇದೆ ಎಂದು ಪತ್ತೆಹಚ್ಚಿ ತರಿಸಿದ. ಸೈಕಲ್ಲಿನ ಕೊರಳಿಗೆ ತೊಡಿಸುವ ಜೋಡಿಬಳೆ ಅದು. ಮೇಲಿನ ಬಳೆ ಹ್ಯಾಂಡಲ್ ಜೊತೆ ಸುತ್ತುತ್ತದೆ, ಕೆಳಗಿನದು ಸುತ್ತದೆ ನಿಲ್ಲುತ್ತದೆ, ನಡುವೆ ಉಕ್ಕಿನ ಗುಂಡುಗಳು. ಬ್ರೇಕು ಹಿಡಿದರೆ ಮೇಲಿನ ವೈರುಗಳು ಜೋಡಿಯನ್ನೇ ಮೇಲಕ್ಕೆತ್ತುತ್ತವೆ, ಅದು ಕೆಳಗಿನ ವೈರುಗಳನ್ನು ಎಳೆಯುತ್ತದೆ, ಹಿಂದಿನ ಚಕ್ರ ನಿಲ್ಲುತ್ತದೆ. ಹ್ಯಾಂಡಲ್ ಎಷ್ಟು ಸುತ್ತಿದರೂ ಯಾವ ವೈರೂ ಎಲ್ಲಿಗೂ ಸುತ್ತಿಕೊಳ್ಳುವುದಿಲ್ಲ! ಕಿಟಕಿ ಅಳೆಯಲು ಹೋದ ಮನೆಯಲ್ಲೂ ಅವನು ಇದನ್ನೇ ವರ್ಣಿಸಿದ. ಆ ಮನೆಯಾಕೆ, ಇವನು ಯಾವಾಗ ಹೊರಡುತ್ತಾನೋ ಎಂದು, ಬಾಗಿಲು ತೆರೆದಿಟ್ಟೇ ಕೇಳಿಸಿಕೊಂಡರು.

ಎಡವಟ್ಟು ಆದದ್ದು ಅಭ್ಯಾಸಬಲದಿಂದ. ದಾರ ಇದ್ದಲ್ಲಿ ಬೀಗ ಹಾಕುವುದು ಬ್ಲೈಂಡಿನವರ ಕೈಗೆ ಅಂಟಿದ ಚಾಳಿ. ಒಮ್ಮೆ ಎಳೆದರೆ ದಾರ ಅಲ್ಲೇ ಕಚ್ಚಿಕೊಳ್ಳಬೇಕು, ಇನ್ನೊಮ್ಮೆ ಎಳೆದರೆ ಬಿಡಬೇಕು. ಅದಕ್ಕೊಂದು ಪುಟ್ಟ ಬೀಗವುಂಟು. ವೈರು ಸಡಿಲವಾಗದಿರಲಿ ಎಂದು ಅವನು ಅದನ್ನು ಇಲ್ಲಿಗೂ ಸೇರಿಸಿದ.

ಹೆಂಡತಿ "ರೈಟ್" ಎಂದಳು. ಮಾವ ಹೊರಟರು, ಬ್ರೇಕು ಹಿಡಿದರು, ಸೈಕಲ್ ನಿಂತಿತು. "ಭೇಷ್!" ಎಂದು ಬ್ರೇಕು ಬಿಟ್ಟರು. ಬ್ರೇಕು ಅವರನ್ನು ಬಿಡಲಿಲ್ಲ. ಪೆಡಲ್ ಒತ್ತಿದರು, ಬೈದರು, ಮತ್ತೆ ಒತ್ತಿದರು. ಕೊನೆಗೆ ದೊಡ್ಡ ಮನುಷ್ಯರಿಗೆ ತಕ್ಕ ಗಾಂಭೀರ್ಯದಿಂದ, ನಿಧಾನವಾಗಿ ಎಡಕ್ಕೆ ವಾಲಿ, ಕಸದ ಡಬ್ಬಿಯನ್ನು ಅಪ್ಪಿಕೊಂಡರು.

"ಇದು ಬ್ರೇಕೋ, ಮದುವೆಯೋ?" ಎಂದು ಡಬ್ಬಿಯ ಬಳಿಯಿಂದ ದನಿ ಬಂತು. "ಒಂದ್ಸಲ ಹಿಡಿದ್ರೆ ಬಿಡೋ ಮಾತೇ ಇಲ್ವಲ್ಲ!"

"ಅಪ್ಪಾ!" ಎಂದು ಓಡಿದ ಮಗಳು ಮೊಣಕೈಗೆ ಔಷಧಿ ಹಚ್ಚುತ್ತಾ ಗಂಡನನ್ನು ನೋಡಿದ ನೋಟಕ್ಕೆ ಔಷಧಿ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ.

ಅಳಿಯ ಬೀಗ ಕಿತ್ತೆಸೆದ. ಈಗ ಹೊಸ ಕಾಟ: ಬಳೆ ಒಂದು ಕಡೆ ಏರುತ್ತಿತ್ತು, ಇನ್ನೊಂದು ಕಡೆ ಜಗ್ಗುತ್ತಿತ್ತು. ಹ್ಯಾಂಡಲ್ ಸುತ್ತಿದರೆ ಅದು ಅತ್ತಿತ್ತ ಓಲಾಡಿ ಬ್ರೇಕನ್ನು ತಾನೇ ಹಿಡಿಯುತ್ತಿತ್ತು. ಅದನ್ನು ನೋಡುತ್ತಾ ನೋಡುತ್ತಾ ಅವನ ಮೈ ಜುಮ್ಮೆಂದಿತು. ಅರೆ, ಇದು ಸೊಟ್ಟಗೆ ಏರುವ ಬ್ಲೈಂಡು! ಎರಡು ದಾರ, ಒಂದು ಪಟ್ಟಿ, ಎರಡೂ ಕಡೆ ಸಮ ಏರಬೇಕು! ಜೀವನದಲ್ಲಿ ಅವನು ಬೇರೇನನ್ನು ತಾನೇ ಮಾಡಿದ್ದ? ಎಡದ ತಿರುಪು ಕೂದಲೆಳೆಯಷ್ಟು, ಬಲದ ತಿರುಪು ಅದರ ಅರ್ಧ. ಮಾವ ಬಗ್ಗಿ ಟಾರ್ಚು ಹಿಡಿದರು. ಊಟಕ್ಕೆ ಕರೆದರೆ ಇಬ್ಬರೂ ಒಟ್ಟಿಗೆ "ಬಂದ್ವಿ ಬಂದ್ವಿ" ಎಂದು ಕೂತಲ್ಲೇ ಕೂತರು. ಕೊನೆಗೊಮ್ಮೆ ಬಳೆ ತಟ್ಟೆಯಂತೆ ನೆಟ್ಟಗೆ ಎದ್ದಿತು, ನೆಟ್ಟಗೆ ಇಳಿಯಿತು. ಮಾವ ಚಕ್ರವೆತ್ತಿ ಹ್ಯಾಂಡಲ್ ಸುತ್ತಿಸಿದರು. ಅದು ಸುತ್ತಿತು, ಸುತ್ತಿತು, ಸುತ್ತುತ್ತಲೇ ಇತ್ತು! ಮಾವ, ಅಳಿಯ ಒಬ್ಬರನ್ನೊಬ್ಬರು ತಬ್ಬಿಕೊಂಡರು. (ಮದುವೆಯ ದಿನವೂ ತಬ್ಬಿಕೊಂಡಿರಲಿಲ್ಲ.)

ಭಾನುವಾರ ಬೆಳಗ್ಗೆ ಕೆಳಗೆ ಇಳಿದರು. ಮಹಡಿ ಮಹಡಿಯ ಬಾಲ್ಕನಿಗಳಲ್ಲೂ ಜನ. ಒದೆ, ಸಿಗ್ನಲ್, "ರೈಟ್!" ಮಾವ ಮೆಲ್ಲಗೆ ಬಂದರು, ಮುಂದಿನ ಚಕ್ರ ಜಗ್ಗಿ ಎತ್ತಿದರು, ಜೀವನದಲ್ಲಿ ಮೊದಲ ಬಾರಿಗೆ ಓಡುವ ಗಾಡಿಯ ಸ್ಟೀರಿಂಗ್ ಬಿಟ್ಟರು. ಹ್ಯಾಂಡಲ್ ಬಿಸಿಲಿಗೆ ಮಿಂಚಿ, ಒಂದು ಪೂರ್ತಿ ಸುತ್ತು ಹಾಕಿ, ಮಾವನ ಎರಡೂ ಅಂಗೈಗೆ ಬಂದು ಕೂತಿತು. ಚಕ್ರ ನೆಲ ಮುಟ್ಟಿತು. ಮಾವ ಬ್ರೇಕು ಹಿಡಿದರು, ಸೈಕಲ್ ನಿಂತಿತು. ಬಿಟ್ಟರು, ಹೊರಟಿತು!

ಬಾಲ್ಕನಿಗಳು ಚಪ್ಪಾಳೆಯಿಂದ ಗುಡುಗಿದವು. ಅಳಿಯ ಕುಣಿದೇ ಬಿಟ್ಟ.

ಸಂಜೆ ಮಾವ ಮಾತಿಗೆ ತಪ್ಪದೆ ಚೀಲ ಹಿಡಿದು ಬಾಗಿಲಿಗೆ ಬಂದರು. ಹೆಂಡತಿ ದೊಡ್ಡ ಮಂಚಕ್ಕೆ ಹೊಸ ಹಾಸು ಹಾಕಿಯೇ ಬಂದಿದ್ದಳು. "ಬರ್ತೀನಿ ಅಳಿಯಂದ್ರೇ. ಬ್ರೇಕ್ ಕೆಲಸ ಮುಗೀತಲ್ಲ" ಎಂದರು ಮಾವ.

"ಮುಗೀತಾ?" ಅಳಿಯ ಹೌಹಾರಿದ. "ಎಲ್ಲಿ ಮುಗೀತು ಮಾವ? ಅದು ಹಿಂದಿನ ಬ್ರೇಕು. ಮುಂದಿನದು?"

ಹೆಂಡತಿ ಅವನ ಕಾಲು ತುಳಿದಳು. ಅವನು ಕಾಲು ತೆಗೆದು ಮುಂದುವರಿಸಿದ. "ಕೊರಳಿನ ನಡುವೆಯೇ ವೈರು ಇಳಿಸ್ಬಹುದು ಮಾವ! ಅದಕ್ಕೆ ತೂತಿರೋ ಬೋಲ್ಟು ಬರುತ್ತೆ. ಆಮೇಲೆ ಎರಡೂ ಬ್ರೇಕ್ ಇಟ್ಕೊಂಡು ಸುತ್ತಬಹುದು!"

ಮಾವ ಚೀಲ ಕೆಳಗಿಟ್ಟರು. "ಆ ಬೋಲ್ಟು ಎಲ್ಲಿ ಸಿಗುತ್ತೆ?"

"ನಿಮ್ಮನೆ ಎದುರಿನ ಸೈಕಲ್ ಅಂಗಡೀಲಿ ಸಿಗಬಹುದು" ಎನ್ನುತ್ತಲೇ ಅಳಿಯ ಫೋನ್ ಎತ್ತಿದ. "ಅತ್ತೇ! ಒಂದು ಬೋಲ್ಟು ಬೇಕಿತ್ತು. ಪಾರ್ಸಲ್ ಎಲ್ಲ ತಡ ಆಗುತ್ತೆ, ನೀವೇ ತಗೊಂಡು ಬಂದ್ಬಿಡಿ. ಬಂದ ಮೇಲೆ ಇದ್ದು ನೋಡ್ಕೊಂಡೇ ಹೋಗಿ, ಮಾವ ಎಂಥ ಸುತ್ತು ಹಾಕ್ತಾರೆ ಗೊತ್ತಾ!"

ಫೋನಿಟ್ಟು ತಿರುಗಿದರೆ ಹೆಂಡತಿ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು.

"ಅಪ್ಪನ ಗೊರಕೆಗೆ ಅಮ್ಮ ಆ ಕೋಣೇಲಿ ಮಲಗಲ್ಲ. ಅಮ್ಮನಿಗೆ ನನ್ನ ಮಂಚ. ನಂಗೆ ಸೋಫಾ. ನಿಮಗೆ?"

ಅಳಿಯ ಹಜಾರವನ್ನು ಒಮ್ಮೆ ಕಣ್ಣಳತೆ ಮಾಡಿದ. ಊಟದ ಮೇಜು, ಟೀಪಾಯಿ, ಬ್ಲೈಂಡಿನ ಪೆಟ್ಟಿಗೆಗಳು. ಉಳಿದದ್ದು ಬಾಲ್ಕನಿ, ಅದೂ ಸೈಕಲ್ಲಿನ ಪಕ್ಕದ ಒಂದು ಮೊಳ ಜಾಗ. ಮಾವ ಅವನ ಹೆಗಲ ಮೇಲೆ ಪ್ರೀತಿಯಿಂದ ಕೈಯಿಟ್ಟರು.

"ಧಾರಾಳವಾಗಿ ಮಲಗಿ ಅಳಿಯಂದ್ರೇ. ಮಗ್ಗುಲು ಮಾತ್ರ ಬದಲಾಯಿಸ್ಬೇಡಿ, ಬಳೆ ಅಲುಗಾಡುತ್ತೆ."