ನಾಲ್ಕು ಅನುಮಾನದ ಪ್ರಾಣಿಗಳು ಕಡಲು ನೋಡಿದ್ದು

ಮೋಸ ಹೋಗಬಾರದು ಅಂತ ಹುಷಾರಾಗಿ ಹೊರಟವರಿಗೇ ಇಂಥವೆಲ್ಲ ಆಗೋದು. ನಮಗಂತೂ ಬೆಳಗಿನಿಂದ ಸಂಜೆಯೊಳಗೆ ಐದು ಸಲ ಆಯಿತು.

ಅರವತ್ತರ ದಶಕ. ಟ್ರಾನ್ಸಿಸ್ಟರ್ ಹಿಡಿದು ಹೋಗುವವನನ್ನು ಜನ ತಿರುಗಿ ನೋಡುತ್ತಿದ್ದ ಕಾಲ. ನಾನಾಗ ಯಶವಂತಪುರದ ಗೂಡ್ಸ್ ಶೆಡ್ಡಿನಲ್ಲಿ ಗುಮಾಸ್ತ. ನನ್ನ ಪಕ್ಕದ ಮೇಜಿನವರ ಮದುವೆ, ಕುಂದಾಪುರದ ಆಚೆ ಅವರ ಊರಿನಲ್ಲಿ. ನಾನು, ನಮ್ಮ ಬೀದಿಯ ಸ್ಕೂಲ್ ಮೇಷ್ಟ್ರು, ಹೆಬ್ಬಾಳದಲ್ಲಿ ಒಬ್ಬ ಡಾಕ್ಟರ ಹತ್ತಿರ ಇದ್ದ ಕಾಂಪೌಂಡರ್, ಯಲಹಂಕದಲ್ಲಿ ದ್ರಾಕ್ಷಿ ತೋಟ ಮಾಡಿಕೊಂಡಿದ್ದ ಗೆಳೆಯ, ಹೀಗೆ ನಾಲ್ಕು ಜನ ಹೋದೆವು. ಹೆಸರಘಟ್ಟದ ಕೆರೆಗಿಂತ ದೊಡ್ಡ ನೀರನ್ನು ನಮ್ಮಲ್ಲಿ ಯಾರೂ ನೋಡಿರಲಿಲ್ಲ. ಆದರೆ ಬೆಂಗಳೂರಿನ ಕಡೆಯವರು, ನಮ್ಮನ್ನು ಯಾರೂ ಏಮಾರಿಸಬಾರದು ಅನ್ನುವ ಹಟ ನಾಲ್ವರಿಗೂ ಇತ್ತು. ತೋಟದವನಿಗೆ ಒಂದು ತೂಕ ಜಾಸ್ತಿ.

ಯಾರೂ ಯಾಕೆ ಹೋಗಲ್ಲ

ಮದುವೆಯ ಮರುದಿನ ಸಂಜೆ ನಮಗೆ ಬಸ್ಸು. ಇದ್ದದ್ದು ಅದೊಂದೇ. ಅದರ ಮಾರನೆಯ ದಿನ ಮೇಷ್ಟ್ರ ಸ್ಕೂಲಿಗೆ ಇನ್ಸ್‌ಪೆಕ್ಟರು ಬರುವವರಿದ್ದರು. ಬಸ್ಸು ತಪ್ಪಿದರೆ ಮೇಷ್ಟ್ರ ಇನ್‌ಕ್ರಿಮೆಂಟೂ ತಪ್ಪಿದ ಹಾಗೆ. ಅಷ್ಟರೊಳಗೆ ಎಲ್ಲಾದರೂ ಹೋಗಿ ಬರೋಣ ಅಂತ ಮದುಮಗನ ಸೋದರಮಾವನನ್ನು ಕೇಳಿದೆವು.

"ಹೊಳೆ ದಾಟಿ ಗುಡ್ಡದ ಆಚೆ ಇಳಿದರೆ ಒಂದು ದಂಡೆ ಉಂಟು. ಬಿಳಿ ಮರಳು, ತೆಂಗಿನ ಮರ. ಒಂದು ನರಪಿಳ್ಳೆ ಇರುದಿಲ್ಲ. ಅಲ್ಲಿಗೆ ಯಾರೂ ಹೋಗುದಿಲ್ಲ" ಅಂದರು.

ತೋಟದವನು ನನ್ನನ್ನು ಪಕ್ಕಕ್ಕೆ ಎಳೆದ. "ಯಾರೂ ಯಾಕ್ ಓಗಲ್ಲ ಕೇಳು. ನಮ್ಮೂರಲ್ಲೂ ಒಂದ್ ಬಾವಿ ಐತೆ, ಯಾರೂ ಓಗಲ್ಲ. ಅದ್ರಲ್ಲಿ ಮೂರು ಜನ ಬಿದ್ದವ್ರೆ."

"ಏನೋ ಕಾಯಿಲೆ ಇರ್ಬೇಕು ಕಣ್ರೀ ಆ ಕಡೆ" ಅಂದ ಕಾಂಪೌಂಡರ್. ಮೇಷ್ಟ್ರಿಗೆ ಮೊಸಳೆಯ ಮೇಲೆ ಅನುಮಾನ.

ಮನೆಯ ಹಿತ್ತಲಲ್ಲಿ ನಿಂತು ಅರ್ಧ ಗಂಟೆ ಚರ್ಚೆ ಮಾಡಿದ ಮೇಲೆ ನನ್ನನ್ನು ಮುಂದೆ ತಳ್ಳಿದರು. "ಯಜಮಾನರೇ, ಅಷ್ಟು ಚೆನ್ನಾಗಿದ್ರೆ ಯಾರೂ ಯಾಕೆ ಹೋಗಲ್ಲ?" ಅಂತ ಕೇಳಿದೆ.

ಅವರು ನಮ್ಮ ಬೆನ್ನ ಹಿಂದಿನ ತೆಂಗಿನ ಮರಗಳ ಕಡೆಗೆ ಕೈ ತೋರಿಸಿದರು. "ಅಷ್ಟು ದೂರ ಹೋಗಿ ಎಂತ ಮಾಡುದು ಮಾರಾಯ್ರೆ? ಸಮುದ್ರ ಇಲ್ಲೇ ಉಂಟಲ್ಲ."

ಎರಡು ದಿನದಿಂದ ಆ ಸದ್ದನ್ನು ನಾವು ಅಕ್ಕಿ ಗಿರಣಿ ಅಂದುಕೊಂಡಿದ್ದೆವು.

ಚಿಪ್ಪಿನ ಒತ್ತೆ

ಅಲ್ಲಿ ಮೀನು ಒಣಹಾಕಿದ್ದರು. ಸ್ನಾನಕ್ಕೆ ಆಚೆ ದಂಡೆಯೇ ಸರಿ ಅಂತ ಒಂದು ಜಮಖಾನ, ಕಾಂಪೌಂಡರನ ಟ್ರಾನ್ಸಿಸ್ಟರ್ ಹಿಡಿದು ಹೊರಟೆವು. ಹೊಳೆ ದಾಟಿಸಿದ್ದು ಒಬ್ಬ ಮುದುಕ. ನಮ್ಮನ್ನು ಇಳಿಸಿ, "ಬಿಸಿಲು ಇಳಿಯುವಾಗ ಬರ್ತೇನೆ" ಅಂದ.

ತೋಟದವನು ದೋಣಿಯ ಅಂಚು ಬಿಡಲಿಲ್ಲ. "ಬರ್ದೇ ಇದ್ರೆ? ಏನಾದ್ರೂ ಒತ್ತೆ ಮಡಗಿ ಓಗು ತಾತ."

ಮುದುಕ ಸುತ್ತ ನೋಡಿಕೊಂಡ. ಕೈಯಲ್ಲಿ ದೋಣಿ ನೂಕುವ ಕೋಲಿತ್ತು, ಅದನ್ನು ಕೊಟ್ಟರೆ ದೋಣಿ ಹೋಗುವುದಿಲ್ಲ. ಸೊಂಟದಲ್ಲಿ ಒಂದು ತುಂಡು ಬಟ್ಟೆಯಿತ್ತು, ಅದನ್ನು ಕೊಟ್ಟರೆ ಅವನು ಹೋಗುವ ಹಾಗಿಲ್ಲ. ಉಳಿದದ್ದು ದೋಣಿಯೊಳಗೆ ಬಿದ್ದಿದ್ದ ಒಂದು ದೊಡ್ಡ ತೆಂಗಿನ ಚಿಪ್ಪು. ತೋಟದವನು ಅದನ್ನೇ ಎತ್ತಿಕೊಂಡ. ಮುದುಕ ಏನೋ ಹೇಳಲು ಬಾಯಿ ತೆರೆದ. "ಆ ಮಾತೆಲ್ಲ ಸಂಜೆಗೆ" ಅಂತ ಇವನು ದೋಣಿ ನೂಕಿಬಿಟ್ಟ.

ಸಂಜೆಯ ಸಂಗತಿ ಇಲ್ಲೇ ಹೇಳಿ ಮುಗಿಸುತ್ತೇನೆ. ಮುದುಕ ಹೇಳಿದ ಹೊತ್ತಿಗೆ ಸರಿಯಾಗಿ ಬಂದ. ಅವನು ಬರುವುದು ಕಂಡಿತು, ದೋಣಿ ಕಾಣಲಿಲ್ಲ. ಹತ್ತಿರ ಬಂದಾಗ ನೋಡಿದರೆ ಸೊಂಟದ ತನಕ ನೀರಿನಲ್ಲಿ ಕೂತಿದ್ದಾನೆ, ದೋಣಿ ಅವನ ಕೆಳಗೆಲ್ಲೋ ಇದೆ.

"ತೂತು ಉಂಟು, ನೀರು ಮೊಗೆಯಲಿಕ್ಕೆ ಚಿಪ್ಪು ಬೇಕು ಅಂತ ಹೇಳುವಾ ಅಂದರೆ ನೀವು ಬಿಡಲಿಲ್ಲ" ಅಂದ.

ಬಸ್ಸಿನ ಹೊತ್ತಾಗುತ್ತಿತ್ತು. ನಾಲ್ವರಿಗೂ ಒಂದೇ ಚಿಪ್ಪು. ಸರದಿಯ ಮೇಲೆ ನೀರು ಮೊಗೆದು ಹಾಕಿದೆವು. ಮೇಷ್ಟ್ರು ತಮ್ಮ ಸರದಿಯಲ್ಲಿ ನಿಟ್ಟುಸಿರು ಬಿಟ್ಟು, "ಕೊನೆಗೆ ಕೈಗೆ ಚಿಪ್ಪು ಬರುತ್ತೆ ಅಂತ ಮಕ್ಕಳಿಗೆ ಎಷ್ಟು ಸಲ ಹೇಳಿದೀನೋ. ಅರ್ಥ ಆಗಿದ್ದು ಇವತ್ತೇ" ಅಂದರು.

ಪರೀಕ್ಷೆ

ಮದುವೆಯಲ್ಲಿ ಬಿಳಿ ಅನ್ನ, ತುಪ್ಪ ಬಡಿಸಿದ್ದರು. ದಾರಿಗೆ ಅಂತ ಬಾಳೆಲೆಯಲ್ಲಿ ಕಟ್ಟಿಕೊಟ್ಟದ್ದು ಮಾತ್ರ ಅವರು ದಿನಾ ತಿನ್ನುವ ಊಟ. ಕಾಂಪೌಂಡರ್ ಒಂದು ಪೊಟ್ಟಣ ಬಿಚ್ಚಿ ಮೂಸಿದ. ಮುಚ್ಚಳ ತೆಗೆದ ಕೂಡಲೇ ಔಷಧಿಯ ಹೆಸರು ಹೇಳುವ ಮೂಗು ಅದು.

"ಯಾರದೋ ತಲೆಗೆಣ್ಣೆ ಬಾಟ್ಲಿ ಪಲ್ಯದ ಮೇಲೆ ಚೆಲ್ಲಿದೆ. ಅನ್ನ ನೋಡಿ, ಕೆಂಪಗೆ ಊದಿಕೊಂಡಿದೆ. ಇದನ್ನ ಮುಟ್ಟಬೇಡಿ."

ನಾಲ್ಕೂ ಪೊಟ್ಟಣ ಒಯ್ದು ದೂರದ ಬಂಡೆಯ ಮೇಲಿಟ್ಟು ಬಂದೆವು. ಹನ್ನೆರಡಕ್ಕೆ ಹೊಟ್ಟೆ ಚುರುಗುಟ್ಟಿತು. ತೋಟದವನಿಗೆ ಅವರಜ್ಜಿ ಕೆಂಪಕ್ಕಿ ಅನ್ನವನ್ನೇ ಉಂಡು ತೊಂಬತ್ತು ವರ್ಷ ಬದುಕಿದ್ದು ನೆನಪಾಯಿತು. ಒಂದು ಗಂಟೆಗೆ ನೋಡಿದರೆ ಕಾಂಪೌಂಡರ್ ಇಲ್ಲ. ಹುಡುಕಿಕೊಂಡು ಹೋದೆವು. ಬಂಡೆಯ ಮರೆಯಲ್ಲಿ ಕೂತು ಎರಡನೆಯ ಎಲೆ ಬಳಿಯುತ್ತಿದ್ದ.

ನಮ್ಮನ್ನು ಕಂಡು ಗಾಬರಿಯೇನೂ ಆಗಲಿಲ್ಲ. "ಪರೀಕ್ಷೆ ಮಾಡ್ತಿದೀನಿ ಕಣ್ರೀ. ಎರಡು ಪೊಟ್ಟಣ ಆಯ್ತು, ಇನ್ನೂ ಏನೂ ಆಗಿಲ್ಲ" ಅಂದ.

ಮೇಷ್ಟ್ರ ಬಟ್ಟೆ

ಊಟವಾದ ಮೇಲೆ ನೀರಿಗಿಳಿಯಲು ಹೊರಟೆವು. ನಾವು ಮೂವರು ಬಟ್ಟೆ ಬಿಚ್ಚಿ ಮರದ ಬುಡದಲ್ಲಿಟ್ಟೆವು. ಮೇಷ್ಟ್ರು ಒಪ್ಪಲಿಲ್ಲ.

"ಸುತ್ತ ಒಬ್ಬನೂ ಕಾಣಲ್ವಲ್ಲ ಮೇಷ್ಟ್ರೇ" ಅಂದೆ.

"ಕಾಣಲ್ಲ ಅಂದ್ರೆ ಎಲ್ಲೋ ಅಡಗಿದಾರೆ ಅಂತ ಅರ್ಥ" ಅಂದರು.

ಪಂಚೆ, ಅಂಗಿ, ಕೋಟು ಎಲ್ಲವನ್ನೂ ಗಂಟು ಕಟ್ಟಿದರು. ಒಬ್ಬರೇ ನಡೆದುಹೋಗಿ, ನೀರಿನ ಪಕ್ಕದ ಗಿಡ್ಡ ಬಂಡೆಯ ಸಂದಿಯಲ್ಲಿ ಗಂಟು ಇಟ್ಟು, ಮೇಲೊಂದು ಕಲ್ಲು ಹೇರಿದರು. ತೆಂಗಿನ ಗರಿಯಿಂದ ತಮ್ಮ ಹೆಜ್ಜೆ ಗುರುತು ಅಳಿಸುತ್ತ ಹಿಂದೆ ಹಿಂದೆ ನಡೆದು ಬಂದರು.

ಒಂದೆರಡು ಗಂಟೆ ಕಳೆದು ಮೇಲೆ ಬಂದರೆ ಬಂಡೆಯೇ ಇಲ್ಲ. ಅಲೆ ಮರದ ಹತ್ತಿರ ಬಂದು ಹೋಗುತ್ತಿತ್ತು. "ಮಳೆ ಇಲ್ದೆ ಇಂಗೆ ಕೋಡಿ ಬೀಳೋದು ನಾನೆಲ್ಲೂ ನೋಡಿಲ್ಲ" ಅಂತ ತೋಟದವನು ಬಾಯಿ ಬಿಟ್ಟುಕೊಂಡು ನಿಂತ. ನಾವು ತಡಕಾಡಿದೆವು. ಸಂದಿ ಸಿಕ್ಕಿತು, ಗಂಟು ಸಿಗಲಿಲ್ಲ.

ಮೇಷ್ಟ್ರು, ನಾವು ಕೂರಲು ತಂದಿದ್ದ ಪಟ್ಟೆಪಟ್ಟೆ ಜಮಖಾನವನ್ನು ಮೈಗೆ ಸುತ್ತಿಕೊಂಡು ಒಂದು ರೀತಿಯ ಸಮಾಧಾನದಲ್ಲೇ ಕೂತರು. "ಕಳ್ಳ ಇದ್ದಾನೆ ಅಂತ ನಾನು ಹೇಳಿರ್ಲಿಲ್ವಾ?"

ಯಾವ ಲಂಕ

ಆ ಕಡಲ ಮೇಲೆ ದೋಣಿಯಲ್ಲಿ ಕಳ್ಳ ಚಿನ್ನ ಬರುತ್ತದೆ ಅಂತ ಆಗ ಸುದ್ದಿ. ಪೊಲೀಸರು ಕಾಯುತ್ತಿದ್ದರು. ನಮಗೆ ಅದೆಲ್ಲ ಗೊತ್ತಿಲ್ಲ. ಗುಡ್ಡದ ಮೇಲಿಂದ ಒಬ್ಬ ಪೊಲೀಸಿನವನು ಇಳಿದು ಬಂದ. ಅವನಿಗೆ ಕಂಡದ್ದು ಇಷ್ಟು: ಜಮಖಾನ ಸುತ್ತಿಕೊಂಡ ಒಬ್ಬ, ಚಿಪ್ಪನ್ನು ಎದೆಗವಚಿಕೊಂಡ ಒಬ್ಬ, ಟ್ರಾನ್ಸಿಸ್ಟರ್ ಕಿವಿಗಿಟ್ಟುಕೊಂಡ ಒಬ್ಬ. ನಾನು ಸುಮ್ಮನೆ ನಿಂತಿದ್ದೆ. ಅವನಿಗೆ ಹೆಚ್ಚು ಅನುಮಾನ ಬಂದದ್ದು ನನ್ನ ಮೇಲೆ ಅಂತ ಆಮೇಲೆ ತಿಳಿಯಿತು.

"ಎಲ್ಲಿಂದ ಬಂದದ್ದು?"

ತೋಟದವನು ಮುಂದಿದ್ದ. ಅವನ ಬಾಯಲ್ಲಿ ಯಲಹಂಕ ಯಾವತ್ತೂ ಪೂರ್ತಿ ಬಂದದ್ದಿಲ್ಲ. "ಯಲಂಕ" ಅಂದ.

"ಯಾವ ಲಂಕ?"

"ಯಾವ್ದು ಅಂದ್ರೆ? ಇರೋದೇ ಒಂದು."

"ದೋಣಿಯಲ್ಲಿ ಬಂದದ್ದಾ?"

"ಊಂ, ದೋಣೀಲೇ."

"ದೋಣಿ ಎಲ್ಲಿ ಉಂಟು?"

"ವಾಪಸ್ ಕಳಿಸಿದೀವಿ. ಒತ್ತು ಇಳಿದ್ ಮ್ಯಾಕೆ ಬತ್ತದೆ."

ಅದೇ ಹೊತ್ತಿಗೆ ಟ್ರಾನ್ಸಿಸ್ಟರಿನಲ್ಲಿ ಹಾಡು ಮುಗಿಯಿತು. ಒಬ್ಬಳು ಹೆಂಗಸು ಹಿಂದಿಯಲ್ಲಿ ಏನೋ ಹೇಳುತ್ತ "ಸಿಲೋನ್" ಅಂದಳು. ಪೊಲೀಸಿನವನು ಸೀಟಿ ಊದಿದ.

ಗುಡ್ಡದ ಮೇಲೊಂದು ಸೋಗೆಯ ಚಪ್ಪರ. ಅಲ್ಲಿ ದಫೇದಾರರು ಕೂತಿದ್ದರು. ನಮ್ಮನ್ನು ಸಾಲಾಗಿ ನಿಲ್ಲಿಸಿದರು. ಕೆಲಸ ಏನು ಅಂತ ಕೇಳಿದರು. "ಶೆಡ್ಡಿಗೆ ಸಾಮಾನು ಬರುತ್ತೆ ಸಾರ್, ನಾನು ಚೀಟಿ ಬರೆದು ಸಾಗಿಸ್ತೀನಿ" ಅಂದೆ. ಕಾಂಪೌಂಡರ್, "ನಾನು ಪುಡಿ ಪೊಟ್ಟಣ ಕಟ್ಟಿಕೊಡ್ತೀನಿ" ಅಂದ. ಪೊಲೀಸಿನವನು ದಫೇದಾರರ ಕಡೆ ನೋಡಿ ತಲೆಯಾಡಿಸಿದ. ಮೇಷ್ಟ್ರು ಜಮಖಾನ ಬಿಗಿ ಮಾಡಿಕೊಂಡು, "ನಾನು ಉಪಾಧ್ಯಾಯ. ನಾಳೆ ಇನ್‌ಸ್ಪೆಕ್ಷನ್ ಇದೆ" ಅಂದರು.

ದಫೇದಾರರು ಸ್ವಲ್ಪ ಯೋಚಿಸಿದರು. "ನಾನು ಪ್ರಾಯದಲ್ಲಿ ಟ್ರೇನಿಂಗಿಗೆ ಅಂತ ಆರು ತಿಂಗಳು ಬೆಂಗಳೂರಲ್ಲಿದ್ದವ. ಒಂದು ಹೇಳಿ ನೋಡುವಾ. ಯಲಹಂಕದಿಂದ ಬೆಂಗಳೂರು ಪೇಟೆಗೆ ಹೋಗುವಾಗ ಹೆಬ್ಬಾಳದ ಕೆರೆ ಯಾವ ಬದಿಗೆ ಸಿಗ್ತದೆ?"

"ಬಲಕ್ಕೆ" ಅಂದ ಕಾಂಪೌಂಡರ್.

"ಎಡಕ್ಕೆ" ಅಂದ ತೋಟದವನು.

ಪೊಲೀಸಿನವನು ಲಾಠಿ ಕೈ ಬದಲಾಯಿಸಿದ.

"ಹತ್ತು ವರ್ಷದಿಂದ ಆ ಕೆರೆ ಪಕ್ಕದಲ್ಲೇ ಔಷಧಿ ಕೊಡ್ತಿದೀನಿ ಕಣಯ್ಯಾ. ಬಲಕ್ಕೆ."

"ನಾನ್ ವಾರಕ್ಕೆರಡು ಕಿತ ಗಾಡೀಲಿ ದ್ರಾಕ್ಷಿ ಏರ್ಕೊಂಡು ಓಯ್ತೀನಿ. ನಂಗೇಳ್ಕೊಡ್ತೀಯಾ? ಎಡಕ್ಕೆ."

ಮೇಷ್ಟ್ರು ಕಣ್ಣು ಮುಚ್ಚಿಕೊಂಡರು. ನಾನು ತೋಟದವನ ತೋಳು ಹಿಡಿದು, "ಬಲಕ್ಕೇ ಕಣೋ. ನಿನಗೆ ಎಡಕ್ಕೆ ಹೇಗೆ ಸಿಗುತ್ತೋ?" ಅಂದೆ.

"ಗಾಡೀಲಿ ನಾನ್ ಇಂದಕ್ಕೆ ಮಕ ಮಾಡ್ಕೊಂಡು ಕೂರೋದು. ಇಂದ್ಗಡೆಯಿಂದ ಯಾರಾದ್ರೂ ಬುಟ್ಟಿ ಎತ್ಕೊಂಡ್ರೆ? ನಂಗೆ ಎಡಕ್ಕೇ ಸಿಕ್ಕೋದು."

ದಫೇದಾರರು ಟೋಪಿ ತೆಗೆದಿಟ್ಟು, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. "ಇವರನ್ನು ಬಿಡು ಮಾರಾಯ. ಇವರು ಆ ಊರಿನವರೇ" ಅಂದರು.

ಬಸ್ಸು ಹೊರಡುವ ಹೊತ್ತಿಗೆ ಹತ್ತಿದೆವು. ಮೇಷ್ಟ್ರಿಗೆ ಮದುಮಗನ ಸೋದರಮಾವ ಒಂದು ಪಂಚೆ, ಅಂಗಿ ಕೊಟ್ಟಿದ್ದರು. ಇನ್ಸ್‌ಪೆಕ್ಟರ ಮುಂದೆ ನಿಲ್ಲಲು ಇನ್ನು ಅಡ್ಡಿಯಿಲ್ಲ ಅಂತ ಅವರು ಮೊದಲ ಸಲ ನಕ್ಕರು. ನಾನೂ ಕಾಂಪೌಂಡರೂ ಬದುಕಿದೆಯಾ ಬಡಜೀವವೇ ಅಂತ ಕಾಲು ಚಾಚಿದೆವು. ತೋಟದವನು ಮಾತ್ರ ಕಿಟಕಿಯಾಚೆ ನೋಡುತ್ತಿದ್ದ. ಘಟ್ಟದ ಬುಡ ಬಂದಾಗ ನನ್ನ ಕಡೆ ವಾಲಿದ.

"ಅಲ್ಲ ಕಣೋ, ಆ ದಫೇದಾರ ಬೆಂಗಳೂರಲ್ಲಿದ್ದೆ ಅಂದ, ನಾವ್ ನಂಬ್ಬುಟ್ವಿ. ಅವ್ನು ನಮ್ಮನ್ನ ಅಷ್ಟೆಲ್ಲ ಕೇಳ್ದ. ನಾವ್ ಅವನನ್ನ ಒಂದ್ ಪ್ರಶ್ನೆನಾದ್ರೂ ಕೇಳಿದ್ವಾ?"